ಕಾಫಿ ಕಣದಿಂದ ಕಂಡ ನಾಲ್ಕು ಬೆಳಕು: ಅರ್ಜಿ ಕೊಟ್ಟ ದಿನದಿಂದ ಕೊನೆಯ ಪತ್ರದವರೆಗೆ

ಕಳೆದ ವಾರ ಸ್ಪೀಡ್ ಪೋಸ್ಟಿನಲ್ಲಿ ಕೊನೆಯ ಪತ್ರ ಬಂತು. ಜನವರಿಯಲ್ಲಿ ಶುರುವಾದದ್ದು ಸೆಪ್ಟೆಂಬರಿನಲ್ಲಿ ಮುಗಿಯಿತು. ಈ ಎಂಟು ತಿಂಗಳಲ್ಲಿ ಯಾರನ್ನು ಕೇಳಬೇಕು, ಏನು ಬರೆಯಬೇಕು, ಯಾವ ಕಾಗದ ಬೇಕು ಎಂದು ಪೂರ್ತಿಯಾಗಿ ಹೇಳುವವರು ನನಗೆ ಒಬ್ಬರೂ ಸಿಗಲಿಲ್ಲ. ಮುಂದೆ ಯಾರಾದರೂ ಆಕಾಶದಲ್ಲಿ ಗುರುತು ಸಿಗದ ಏನನ್ನಾದರೂ ಕಂಡು, ಅದನ್ನು ಸರಕಾರಕ್ಕೆ ತಿಳಿಸಬೇಕು ಅಂದುಕೊಂಡರೆ ಅವರಿಗೆ ಇದು ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ಪಡುವಣ ಅಂಚಿನ ಊರು. ಮನೆ ಮುಂದಿನ ಕಾಫಿ ಕಣದಲ್ಲಿ ನಿಂತರೆ ತಲಕಾವೇರಿ ಬೆಟ್ಟಸಾಲು ಎದುರಿಗೇ ಕಾಣುತ್ತದೆ. ಊರಿನ ಹೆಸರು, ಠಾಣೆಯ ಹೆಸರು ಬೇಡ.

2025ರ ಜನವರಿ 18, ಶನಿವಾರ. ರೋಬಸ್ಟಾ ಕೊಯ್ಲು ನಡೆಯುತ್ತಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಕಣದಲ್ಲಿದ್ದ ಕಾಫಿಗೆ ಟಾರ್ಪಾಲು ಮುಚ್ಚಲು ಹೋದ ಅವ್ವ ನನ್ನನ್ನು ಕೂಗಿದರು. ಬೆಟ್ಟದ ನೆತ್ತಿಯ ಮೇಲೆ ದೊಡ್ಡ ಬೆಳಕು. ಒಮ್ಮೆ ಕೆಂಪು, ಒಮ್ಮೆ ಬಿಳಿ. ಸ್ವಲ್ಪ ಅಲುಗಾಡಿದ ಹಾಗೆ ಕಾಣುತ್ತಿತ್ತು. ಪಕ್ಕದಲ್ಲೇ ಇನ್ನೊಂದು ಚಿಕ್ಕ ಬೆಳಕು. ಹತ್ತು ನಿಮಿಷದಲ್ಲಿ ಎರಡೂ ಬೆಟ್ಟದ ಹಿಂದೆ ಇಳಿದು ಹೋದವು. ಅವತ್ತು ಸುಮ್ಮನಿದ್ದೆವು.

ನಿಜವಾದ ಗಾಬರಿ ಜನವರಿ 26ರ ರಾತ್ರಿ. ಅಮಾವಾಸ್ಯೆಗೆ ಇನ್ನು ಮೂರೇ ದಿನ, ಗವ್ವೆನ್ನುವ ಕತ್ತಲೆ. ಕರೆಂಟೂ ಇರಲಿಲ್ಲ. ಹತ್ತೂ ಇಪ್ಪತ್ತಕ್ಕೆ ಮೂಡಣದ ಕಣಿವೆ ಕಡೆಯಿಂದ ಮೂರು ಕಿತ್ತಳೆ ಬಣ್ಣದ ಬೆಳಕುಗಳು ಮೇಲೆದ್ದವು. ಒಂದರ ಹಿಂದೆ ಒಂದು. ಸದ್ದಿಲ್ಲ. ನಮ್ಮ ತೋಟದ ಮೇಲಿಂದಲೇ ಪಡುವಣಕ್ಕೆ ತೇಲಿದವು. ಮಗ ಒಂಬತ್ತನೇ ಕ್ಲಾಸು. ಅವನು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ. ಅಷ್ಟರಲ್ಲಿ ನಾಲ್ಕನೆಯದು ಬಂತು. ಅದು ಮಾತ್ರ ಎಡದಿಂದ ಬಲಕ್ಕೆ, ಅಂದರೆ ತೆಂಕಣದಿಂದ ಬಡಗಣಕ್ಕೆ ನೇರವಾಗಿ ಹೋಯಿತು. ಮಿನುಗಲಿಲ್ಲ, ಬಣ್ಣ ಬದಲಾಗಲಿಲ್ಲ. ನಡು ಆಕಾಶದಲ್ಲಿ ದೀಪ ಆರಿಸಿದ ಹಾಗೆ ಇಲ್ಲವಾಯಿತು. ಮಗ ಕ್ಯಾಮೆರಾ ತಿರುಗಿಸುವಷ್ಟರಲ್ಲಿ ಮುಗಿದೇ ಹೋಗಿತ್ತು.

ಅವತ್ತು ಯಾರಿಗೂ ನಿದ್ದೆ ಬರಲಿಲ್ಲ. ಅವ್ವ ದೇವರ ದೀಪ ಆರಲು ಬಿಡಲಿಲ್ಲ. ನನಗೆ ಅನ್ಯಗ್ರಹದವರ ಯೋಚನೆ ಬರಲಿಲ್ಲ. ನನ್ನ ಹೆದರಿಕೆ ಬೇರೆ. ನಮ್ಮದು ಕೇರಳದ ಗಡಿ. ನಕ್ಸಲರ ಹೆಸರಿನಲ್ಲಿ ವರ್ಷಗಟ್ಟಲೆ ಕೂಂಬಿಂಗ್ ನಡೆದ ಕಾಡು. ಬೆಟ್ಟದ ಆಚೆಗೆ ಮಟ್ಟನ್ನೂರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ, ಕರಾವಳಿಯ ಏಳಿಮಲೆಯಲ್ಲಿ ನೌಕಾ ಅಕಾಡೆಮಿ. ಯಾರೋ ಡ್ರೋನ್ ಹಾರಿಸುತ್ತಿದ್ದರೆ? ಕಂಡೂ ಸುಮ್ಮನಿದ್ದೆವು ಎಂದು ನಾಳೆ ಅನ್ನಿಸಬಾರದಲ್ಲವೇ?

ಬೆಳಿಗ್ಗೆ ಎದ್ದವನೇ ಸುಬೇದಾರ್ ಮಾವನ ಮನೆಗೆ ಹೋದೆ. ಕೊಡಗಿನಲ್ಲಿ ಊರಿಗೆ ನಾಲ್ಕು ಜನ ನಿವೃತ್ತ ಸೈನಿಕರು ಸಿಗುತ್ತಾರೆ. ಕಷ್ಟ ಬಂದಾಗ ಮೊದಲು ಹೋಗುವುದು ಅವರ ಹತ್ತಿರವೇ. ಮಾವ ಪೂರ್ತಿ ಕೇಳಿದರು, ನಗಲಿಲ್ಲ. "ಕತೆ ಬೇಡ. ಎಷ್ಟು ಹೊತ್ತಿಗೆ, ಯಾವ ದಿಕ್ಕು, ಎಷ್ಟು ಎತ್ತರ, ಎಷ್ಟು ಹೊತ್ತು, ನೀನು ಎಲ್ಲಿ ನಿಂತಿದ್ದೆ, ಜೊತೆಗೆ ಯಾರಿದ್ದರು. ಇಷ್ಟು ಬರಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತಲೇ ಬರಿ. ಈಗಲೇ ಕೂತು ಬರಿ, ನಾಳೆಗೆ ಮರೆತು ಹೋಗುತ್ತದೆ" ಎಂದರು. ಅವರ ಜಗಲಿಯಲ್ಲೇ ಕೂತು ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದೆ. ಮುಂದೆ ಎಂಟು ತಿಂಗಳು ಎಲ್ಲರೂ ಕೇಳಿದ್ದು ಆ ಎರಡು ಪುಟವನ್ನೇ. ಆಮೇಲೆ ನೆನಪು ಮಾಡಿಕೊಂಡು ಹೇಳಿದ ಯಾವ ಮಾತಿಗೂ ಅಷ್ಟು ಬೆಲೆ ಸಿಗಲಿಲ್ಲ.

ನಮ್ಮ ದೇಶದಲ್ಲಿ ಇಂಥದ್ದಕ್ಕೆಂದೇ ಒಂದು ಅರ್ಜಿ ನಮೂನೆ ಇದೆಯೇ ಎಂದು ಹುಡುಕಿದೆ. ನನಗೆ ಸಿಗಲಿಲ್ಲ. ಫ್ರಾನ್ಸಿನಲ್ಲಿ 1977ರಿಂದ ಅವರ ಬಾಹ್ಯಾಕಾಶ ಸಂಸ್ಥೆಯ ಒಳಗೇ ಇದಕ್ಕೊಂದು ವಿಭಾಗವಿದೆ. ಸಾಮಾನ್ಯ ಜನರೇ ನೇರವಾಗಿ ಬರೆದು ಕಳಿಸಬಹುದು. ನಮಗೆ ಸಿಗುವ ದಾರಿ ಪೊಲೀಸ್ ಠಾಣೆ.

28ನೇ ತಾರೀಕು ಠಾಣೆಗೆ ಹೋದೆ. ಅಲ್ಲಿದ್ದವರು ಗೌರವದಿಂದಲೇ ಮಾತಾಡಿದರು, ಆದರೆ ಅರ್ಜಿ ತೆಗೆದುಕೊಳ್ಳಲಿಲ್ಲ. "ಇದರಲ್ಲಿ ಯಾರ ಮೇಲೆ ದೂರು?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದಿನಿಂದ ಯಾರೋ ನಕ್ಕ ಸದ್ದು ಕೇಳಿಸಿತು. ವಾಪಸು ಬರುವಾಗ ಜೀಪಿನಲ್ಲಿ ಒಬ್ಬನೇ ಇದ್ದೆ. ಕಣ್ಣು ತುಂಬಿ ಬಂತು. ಐವತ್ತರ ಹತ್ತಿರದವನು ಹೀಗೆ ಬರೆಯಲು ಸಂಕೋಚವಾಗುತ್ತದೆ. ಆದರೂ ಬರೆಯುತ್ತೇನೆ, ಯಾಕೆಂದರೆ ಇಲ್ಲಿಂದಲೇ ವಾಪಸಾದವರು ಬೇರೆ ಕಡೆಯೂ ಇದ್ದಿರಬಹುದು.

ಎರಡು ದಿನ ಬಿಟ್ಟು ಮತ್ತೆ ಹೋದೆ. ಮಾವ ಅರ್ಜಿಯ ವಿಷಯ ಬದಲಿಸಿ ಕೊಟ್ಟಿದ್ದರು: "ಗುರುತಿಸಲಾಗದ ಹಾರುವ ವಸ್ತುಗಳು ಕಂಡ ಬಗ್ಗೆ ಮಾಹಿತಿ ಮತ್ತು ಪರಿಶೀಲನೆಗೆ ಮನವಿ." ದೂರು ಅಲ್ಲ, ಮಾಹಿತಿ. ಇದನ್ನು ತೆಗೆದುಕೊಂಡರು. ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದರ ಮೇಲೆ ಸೀಲು, ತಾರೀಕು, ನಂಬರು ಹಾಕಿಸಿಕೊಳ್ಳಿ. ಅರ್ಜಿ ತೆಗೆದುಕೊಂಡದ್ದಕ್ಕೆ ಹಿಂಬರಹ ಕೇಳಿ ಪಡೆಯಿರಿ. ಆ ನಂಬರು ಇಲ್ಲದಿದ್ದರೆ ಮುಂದೆ ಮಡಿಕೇರಿಯಲ್ಲಿ ಯಾವ ಕಚೇರಿಗೆ ಹೋದರೂ ಮೊದಲಿನಿಂದ ಹೇಳಬೇಕಾಗುತ್ತದೆ.

ಇಲ್ಲೇ ನಾನೊಂದು ತಪ್ಪು ಮಾಡಿದೆ. 18ರ ಬೆಳಕನ್ನೂ 26ರ ಬೆಳಕನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದೆ. "ಮೊದಲು ಎರಡು, ಆಮೇಲೆ ನಾಲ್ಕು" ಎಂದು ಬರೆದೆ. ಎರಡೂ ಒಂದೇ ವಿಷಯ ಎನ್ನುವುದು ನನ್ನ ಊಹೆ, ಕಂಡದ್ದಲ್ಲ. ಬೇರೆ ಬೇರೆ ರಾತ್ರಿ ಕಂಡದ್ದನ್ನು ಬೇರೆ ಬೇರೆ ಹಾಳೆಯಲ್ಲೇ ಬರೆಯಿರಿ.

ಆಮೇಲೆ ವಿಡಿಯೋ ರಗಳೆ. ಮೊದಲು ವಾಟ್ಸಾಪಿನಲ್ಲಿ ಕಳಿಸಿದೆ. ಹಾಗೆ ಕಳಿಸಿದರೆ ವಿಡಿಯೋ ಕುಗ್ಗುತ್ತದೆ, ತೆಗೆದ ಸಮಯದ ವಿವರವೂ ಅಳಿಸಿ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಬೇಕು, ಇಲ್ಲವೇ ಪೆನ್‌ಡ್ರೈವಿನಲ್ಲಿ ಕೊಡಬೇಕು. ಪೆನ್‌ಡ್ರೈವ್ ಕೊಟ್ಟ ಮೇಲೆ ಒಬ್ಬರು "63ರ ಸರ್ಟಿಫಿಕೇಟ್ ತನ್ನಿ" ಎಂದರು. ವಿಡಿಯೋದಂಥ ಡಿಜಿಟಲ್ ಸಾಕ್ಷ್ಯವನ್ನು ಕೋರ್ಟಿಗೆ ಕೊಡುವಾಗ ಬೇಕಾಗುವ ಪ್ರಮಾಣಪತ್ರ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63 ಅದು. ಹಳೆಯ ಕಾಯ್ದೆಯಲ್ಲಿ 65ಬಿ ಇತ್ತಲ್ಲ, ಅದರ ಜಾಗಕ್ಕೆ ಬಂದದ್ದು. ಅದರಲ್ಲಿ ಎರಡು ಭಾಗ. ಒಂದಕ್ಕೆ ನಾವು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು. ಫೈಲು ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಎಂಬ ಉದ್ದ ಸಂಖ್ಯೆಯೂ ಬೇಕು. ಮಡಿಕೇರಿಗೆ ಎರಡು ಸಲ ಓಡಾಡಿದೆ. ವಕೀಲರಿಗೆ 1,500 ರೂಪಾಯಿ ಕೊಟ್ಟೆ. ಕೊಯ್ಲಿನ ಎರಡು ದಿನ ಹೋಯಿತು. ಕೊನೆಗೆ ತನಿಖೆಗೆ ಬಂದವರು, ಕೋರ್ಟು ಕೇಸು ಇಲ್ಲದ ಕಾರಣ ಅದು ಬೇಕಿರಲಿಲ್ಲ ಎಂದರು. ಯಾರಾದರೂ ಕೇಳಿದರೆ, "ಯಾವ ಪ್ರಕರಣಕ್ಕೆ ಬೇಕು, ಬರೆದು ಕೊಡಿ" ಎಂದು ವಿನಯವಾಗಿ ಕೇಳಿ. ಮುಖ್ಯವಾದದ್ದು ಇಷ್ಟೇ: ಮೂಲ ಫೈಲನ್ನು ಫೋನಿನಿಂದ ಅಳಿಸಬೇಡಿ, ಕತ್ತರಿಸಬೇಡಿ, ಬೆಳಕು ಹೆಚ್ಚಿಸಬೇಡಿ.

ಫೆಬ್ರವರಿಯಲ್ಲಿ ಪೊಲೀಸರು ಒಂದು ದಿನ ಬಂದು ಅಕ್ಕಪಕ್ಕದ ಹೋಂಸ್ಟೇಗಳಲ್ಲಿ ಡ್ರೋನ್ ವಿಚಾರಿಸಿದರು. ಊರಲ್ಲಿ ನನ್ನ ಮೇಲೆ ಸ್ವಲ್ಪ ಬೇಸರ ಹುಟ್ಟಿದ್ದು ಆಗಲೇ. ಸೀಸನ್ ಹೊತ್ತಲ್ಲಿ ಪೊಲೀಸ್ ಜೀಪು ಬಂದರೆ ಯಾರಿಗೆ ತಾನೇ ಇಷ್ಟ? ಮದುವೆ ಮನೆಯೊಂದರಲ್ಲಿ ಇಬ್ಬರು ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. ಮಗನಿಗೆ ಶಾಲೆಯಲ್ಲಿ ಅಡ್ಡಹೆಸರು ಇಟ್ಟರು. ಅವನು ಅದನ್ನು ನನಗೆ ಹೇಳಿದ್ದೇ ಏಪ್ರಿಲಿನಲ್ಲಿ.

ಆಮೇಲೆ ಏನೂ ಸುದ್ದಿಯಿಲ್ಲ. ಮಾರ್ಚ್ ಎರಡನೇ ವಾರ ಗೊತ್ತಿಲ್ಲದ ಲ್ಯಾಂಡ್‌ಲೈನಿನಿಂದ ಫೋನ್ ಬಂತು. "ವಾಯುಪಡೆಯಿಂದ ಮಾತಾಡುತ್ತಿದ್ದೇವೆ, ನಿಮ್ಮ ಅರ್ಜಿ ಬಂದಿದೆ, ಸ್ಥಳಕ್ಕೆ ಬರುತ್ತೇವೆ." ನಾನು ನಂಬಲಿಲ್ಲ. ಸೈನಿಕರ ಹೆಸರು ಹೇಳಿ ಫೋನಿನಲ್ಲಿ ಮೋಸ ಮಾಡುವುದು ಈಗ ಎಷ್ಟು ಜಾಸ್ತಿ ಆಗಿದೆ, ಅಲ್ವಾ? ಆಧಾರ್ ಆಗಲಿ, ಬ್ಯಾಂಕಿನ ವಿವರವಾಗಲಿ ಅವರು ಕೇಳಲಿಲ್ಲ. ನಾನು ಮಡಿಕೇರಿಯ ಪೊಲೀಸ್ ಕಚೇರಿಗೆ ಹೋಗಿ, ಹಿಂಬರಹದ ನಂಬರು ತೋರಿಸಿ, ನಿಜವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಒಪ್ಪಿದೆ. ನೀವೂ ಹಾಗೇ ಮಾಡಿ. ನಿಜವಾದ ಅಧಿಕಾರಿಗಳು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಮೂರು ಜನ ಬಂದರು. ಇಬ್ಬರು ಸಾದಾ ಉಡುಪಿನಲ್ಲಿ, ಒಬ್ಬರು ಪೊಲೀಸ್. ಗುರುತಿನ ಚೀಟಿ ತೋರಿಸಿದರು. ಅವ್ವ ಕಾಫಿ ಕೊಟ್ಟರು. ನಾನು ಒಳಗೆ ಕುರ್ಚಿ ಹಾಕಿದ್ದೆ. ಅವರು "ಎಲ್ಲಿ ನಿಂತು ನೋಡಿದಿರೋ ಅಲ್ಲಿಗೇ ಹೋಗೋಣ" ಎಂದರು. ಸಂಜೆ ನಾಲ್ಕರಿಂದ ರಾತ್ರಿ ಹತ್ತೂವರೆ ತನಕ ಕಣದಲ್ಲೇ ಇದ್ದೆವು.

ಮೊದಲು ನಮ್ಮನ್ನು ಬೇರೆ ಮಾಡಿದರು. ನಾನು ಒಂದು ಕಡೆ, ಅವ್ವ ಒಂದು ಕಡೆ. ಮಗನ ಹೇಳಿಕೆ ತೆಗೆಯುವಾಗ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿದರು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು ಎಂದು. ಪ್ರಶ್ನೆಗಳು ಚಿಕ್ಕವು, ಆದರೆ ನೂರಾರು. ಕನ್ನಡಕ ಹಾಕಿದ್ದಿರಾ? ಎಷ್ಟು ಪವರು? ಕಣದ ಯಾವ ಮೂಲೆ? ಜೀರುಂಡೆ ಸದ್ದು ಇತ್ತಾ, ನಿಂತಿತ್ತಾ? ನಾಯಿ ಬೊಗಳಿತಾ? ಬೆಳಕು ಮರದ ಮುಂದೆ ಬಂತಾ, ಹಿಂದೆ ಹೋಯಿತಾ? ಅವತ್ತು ಕುಡಿದಿದ್ದಿರಾ? ಕೊನೆಯದು ಕೇಳಿದಾಗ ಮನಸ್ಸಿಗೆ ನೋವಾಯಿತು. ನಾನು ಕುಡಿಯುವವನಲ್ಲ. ಹಿರಿಯ ಅಧಿಕಾರಿ ತಕ್ಷಣ ಹೇಳಿದರು: "ಎಲ್ಲರನ್ನೂ ಕೇಳುತ್ತೇವೆ. ಕೇಳದೆ ಬಿಟ್ಟರೆ ನಾಳೆ ಈ ಕಾಗದ ಓದುವವರು ಅದನ್ನೇ ಹಿಡಿಯುತ್ತಾರೆ."

ಎತ್ತರ ಅಳೆಯಲು ಅವರು ಕಲಿಸಿದ ಉಪಾಯ ಎಲ್ಲರಿಗೂ ಗೊತ್ತಿರಬೇಕು. ಕೈ ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಕಿರುಬೆರಳ ಅಗಲ 1 ಡಿಗ್ರಿ. ಹುಣ್ಣಿಮೆ ಚಂದ್ರ ಅರ್ಧ ಡಿಗ್ರಿ, ಅಂದರೆ ಕಿರುಬೆರಳಿನ ಅರ್ಧ. ನಾನು ಅರ್ಜಿಯಲ್ಲಿ "ತೆಂಗಿನಕಾಯಿ ಗಾತ್ರ" ಎಂದು ಬರೆದಿದ್ದೆ. "ಎಷ್ಟು ದೂರದಲ್ಲಿಟ್ಟ ತೆಂಗಿನಕಾಯಿ?" ಎಂದು ಕೇಳಿದರು. ಆಗ ನನಗೆ ಅರ್ಥವಾಯಿತು, ಆ ಮಾತಿನಿಂದ ಅವರಿಗೆ ಏನೂ ಸಿಗುವುದಿಲ್ಲ. ದೂರ ಗೊತ್ತಿಲ್ಲದೆ ಗಾತ್ರ ಹೇಳಲಿಕ್ಕೆ ಆಗುವುದಿಲ್ಲ. ಬೆರಳಿನ ಲೆಕ್ಕ ಹೇಳಿದರೆ ಸಾಕು.

ಕತ್ತಲಾದ ಮೇಲೆ 18ರ ಬೆಳಕಿನ ವಿಷಯ ಬಂತು. ಅವರು ಫೋನಿನಲ್ಲಿ ಆಕಾಶದ ನಕ್ಷೆ ತೆಗೆದು ಆ ದಿನಕ್ಕೆ, ಆ ಹೊತ್ತಿಗೆ ತಿರುಗಿಸಿದರು. ಬೆಟ್ಟದ ಮೇಲೆ, ಪಡುವಣಕ್ಕೆ ತುಸು ಎಡಕ್ಕೆ, ಶುಕ್ರ. ಪಕ್ಕದಲ್ಲಿ ಶನಿ. ಆ ವಾರ ಎರಡೂ ಆಕಾಶದಲ್ಲಿ ತೀರಾ ಹತ್ತಿರ ಬಂದಿದ್ದವಂತೆ. ದಿಗಂತದ ಹತ್ತಿರ ದಪ್ಪ ಗಾಳಿಯ ಮೂಲಕ ಬರುವಾಗ ಬೆಳಕು ನಡುಗುತ್ತದೆ, ಬಣ್ಣ ಒಡೆಯುತ್ತದೆ. ನಮ್ಮ ನೋಟ್‌ಬುಕ್ಕಿನ ದಿಕ್ಕು, ಸಮಯ ಎರಡೂ ಸರಿಯಾಗಿ ಹೊಂದಿದವು. ಚಿಕ್ಕ ಬೆಳಕನ್ನೂ ಅವ್ವ ಸರಿಯಾಗಿ ಹೇಳಿದ್ದರು.

ನನಗೆ ನೆಲ ಕುಸಿದ ಹಾಗಾಯಿತು. ಶುಕ್ರನನ್ನು ನೋಡಿ ಠಾಣೆಗೆ ಹೋದವನು ಎಂದು ಊರೆಲ್ಲ ಹೇಳುತ್ತದೆ ಅನ್ನಿಸಿತು. ಆಗ ಅವರು ಲಡಾಖಿನ ವಿಷಯ ಹೇಳಿದರು. 2012-13ರಲ್ಲಿ ಗಡಿಯಲ್ಲಿದ್ದ ನಮ್ಮ ಸೈನಿಕರು ತಿಂಗಳುಗಟ್ಟಲೆ ಬೆಳಕುಗಳನ್ನು ಕಂಡು, ಚೀನಾದ ಡ್ರೋನ್ ಇರಬಹುದೆಂದು ಒಂದೊಂದನ್ನೂ ಬರೆದಿಟ್ಟಿದ್ದರು. ಕೊನೆಗೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ನೋಡಿ, ಅದು ಗುರು ಮತ್ತು ಶುಕ್ರ ಎಂದು ತಿಳಿಸಿದರು. "ಅವರು ಬರೆದಿಟ್ಟದ್ದಕ್ಕೇ ಗೊತ್ತಾಯಿತು. ಅದರಲ್ಲಿ ನಾಚಿಕೆ ಏನಿದೆ?" ಎಂದರು. ಆ ಮಾತು ನನಗೆ ಇವತ್ತಿಗೂ ಧೈರ್ಯ ಕೊಡುತ್ತದೆ.

ಆದರೆ ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದ್ದರಿಂದ ಏನಾಯಿತು ನೋಡಿ. 26ರ ಬಗ್ಗೆ ಏನು ಹೇಳಿದರೂ ಪಕ್ಕದಲ್ಲಿದ್ದ ಪೊಲೀಸರು "ಅದೂ ಗ್ರಹವೇ ಇರಬೇಕು ಸಾರ್" ಎನ್ನತೊಡಗಿದರು. ಅಧಿಕಾರಿ ಒಪ್ಪಲಿಲ್ಲ. ಆ ಹೊತ್ತಿಗೆ ಕೆಂಪಗಿನ ಮಂಗಳ ನೆತ್ತಿಯ ಮೇಲಿತ್ತು, ಕಣಿವೆಯಿಂದ ಏಳಲಿಲ್ಲ ಎಂದರು. ತಗ್ಗಿನಲ್ಲಿ ಸುತ್ತುವ ಉಪಗ್ರಹಗಳು ಸೂರ್ಯ ಮುಳುಗಿ ಒಂದೆರಡು ಗಂಟೆ ಚೆನ್ನಾಗಿ ಕಾಣುತ್ತವೆ. ರಾತ್ರಿ ಹತ್ತೂ ಇಪ್ಪತ್ತಕ್ಕೆ ನಮ್ಮ ಮೇಲಿನವು ಭೂಮಿಯ ನೆರಳಿನಲ್ಲಿರುತ್ತವೆ ಎಂದೂ ವಿವರಿಸಿದರು.

ನಾಲ್ಕನೆಯದು ವಿಡಿಯೋದಲ್ಲಿ ಇಲ್ಲವಲ್ಲ ಎಂದು ನಾನು ಕೊರಗುತ್ತಿದ್ದೆ. ಅವರು ಹೆಡ್‌ಫೋನ್ ಹಾಕಿಕೊಂಡು ಬರೀ ಧ್ವನಿ ಕೇಳಿದರು. ಅದರಲ್ಲಿ ಅವ್ವ "ಅಲ್ಲಿ ನೋಡು!" ಎಂದು ಕೂಗಿದ್ದು, ಆಮೇಲೆ "ಹೋಯ್ತು" ಎಂದಿದ್ದು ಇದೆ. ನಡುವೆ 12 ಸೆಕೆಂಡು. ನಾನು "ಅರ್ಧ ನಿಮಿಷ" ಎಂದು ಬರೆದಿದ್ದೆ. ಹಾಗಾಗಿ ಹೇಳುತ್ತೇನೆ, ಏನೂ ಕಾಣದಿದ್ದರೂ ರೆಕಾರ್ಡಿಂಗ್ ನಿಲ್ಲಿಸಬೇಡಿ. ನೋಡುತ್ತಾ ಬಾಯಲ್ಲಿ ದಿಕ್ಕು, ಬಣ್ಣ ಹೇಳುತ್ತಾ ಹೋಗಿ.

ಹೇಳಿಕೆಗಳನ್ನು ಓದಿ ಕೇಳಿಸಿ ಸಹಿ ಹಾಕಿಸಿದರು. ನಾನು ಪ್ರತಿ ಕೇಳಿದೆ, ಕೊಡಲಿಲ್ಲ. ಫೋಟೋ ತೆಗೆಯಲೂ ಬಿಡಲಿಲ್ಲ. ಸಹಿ ಹಾಕುವ ಮೊದಲು ಅವಸರ ಮಾಡಬೇಡಿ. ನನ್ನದರಲ್ಲಿ ಒಂದು ಕಡೆ "ಮೂರು" ಇದ್ದದ್ದನ್ನು "ನಾಲ್ಕು" ಎಂದು ತಿದ್ದಿಸಬೇಕಾಯಿತು.

ಏಪ್ರಿಲ್ ಮೊದಲ ವಾರ ಕರಿಮೆಣಸು ಕೊಯ್ಯುತ್ತಿದ್ದೆವು. ಏಣಿ ಹತ್ತಿದ್ದ ಹುಡುಗ ಸಿಲ್ವರ್ ಓಕ್ ಮರದ ಮೇಲಿನಿಂದ ಏನೋ ಕೆಳಗೆ ಹಾಕಿದ. ಬಿದಿರಿನ ತೆಳು ಬಳೆ, ನಡುವೆ ಅಡ್ಡ ತಂತಿ, ಸುಟ್ಟ ಕಾಗದದ ಚೂರು. ಆಕಾಶಬುಟ್ಟಿ ಹಾಗೆ ಹಾರಿಬಿಡುತ್ತಾರಲ್ಲ, ಆ ಕಾಗದದ ದೀಪದ ಚೌಕಟ್ಟು. ಮರ ಇದ್ದದ್ದು ಬೆಳಕು ಹೋದ ದಾರಿಯಲ್ಲೇ.

ಅದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನಿಂತೆ. ಒಲೆಗೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟೆಲ್ಲ ಅವಮಾನ ನುಂಗಿ ಓಡಾಡಿದ್ದು ಒಂದು ಕಾಗದದ ದೀಪಕ್ಕಾ ಅನ್ನಿಸಿತು. ಹೆಂಡತಿ "ಕಂಡದ್ದು ಹೇಳಿದ್ದೀರಿ, ಸಿಕ್ಕಿದ್ದೂ ಹೇಳಿ" ಎಂದಳು. ಮರುದಿನ ಠಾಣೆಗೆ ಹೋಗಿ, ಸಿಕ್ಕಿದ ಮರ, ಎತ್ತರ, ದಿನ ಬರೆದು, ಫೋಟೋ ಸಮೇತ ಕೊಟ್ಟು ಮತ್ತೊಂದು ಹಿಂಬರಹ ತೆಗೆದುಕೊಂಡೆ. ಅಲ್ಲಿ ಅವತ್ತು ಯಾರೂ ನಗಲಿಲ್ಲ. ಮೊದಲ ಸಲ ಕುರ್ಚಿ ಕೊಟ್ಟರು.

ಕಣಿವೆಯ ಹೋಂಸ್ಟೇಯಲ್ಲಿ ಗಣರಾಜ್ಯೋತ್ಸವದ ರಜೆಗೆ ಬಂದ ಅತಿಥಿಗಳು ಮೂರು ದೀಪ ಬಿಟ್ಟಿದ್ದರು ಎಂದು ಆಮೇಲೆ ತಿಳಿಯಿತು. ಮಾಲೀಕರೇ ಬಂದು ಹೇಳಿದರು, ಕ್ಷಮೆಯನ್ನೂ ಕೇಳಿದರು. ಜನವರಿಯ ಒಣ ತೋಟದ ಮೇಲೆ ಬೆಂಕಿ ಹಾರಿಬಿಡುವುದು ಎಷ್ಟು ಅಪಾಯ ಎಂದು ಇಬ್ಬರೂ ಕೂತು ಮಾತಾಡಿದೆವು. ಈಗ ಅವರ ಗೇಟಿನಲ್ಲಿ ಅದಕ್ಕೆ ಬೋರ್ಡಿದೆ. ಬಿಟ್ಟದ್ದು ಮೂರೇ ಎಂದು ಅವರು ಖಚಿತವಾಗಿ ಹೇಳುತ್ತಾರೆ.

ಮೇ ಮುಗಿದರೂ ಉತ್ತರ ಬರಲಿಲ್ಲ. ಜೂನ್ 10ಕ್ಕೆ ಮಾಹಿತಿ ಹಕ್ಕಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದೆ. ಶುಲ್ಕ 10 ರೂಪಾಯಿ. ತಪ್ಪು ಕಚೇರಿಗೆ ಹಾಕಿದ್ದೆ. ಕಲಂ 6(3)ರ ಪ್ರಕಾರ ಅವರೇ ಸರಿಯಾದ ಕಡೆಗೆ ಕಳಿಸಿದರು. ಹಾಗಾಗಿ ಕಚೇರಿ ಯಾವುದೆಂದು ಗೊತ್ತಿಲ್ಲ ಎಂದು ನಿಲ್ಲಬೇಡಿ. ಮಳೆಗಾಲ ಜೋರು, ವಾರಗಟ್ಟಲೆ ನೆಟ್‌ವರ್ಕ್ ಇಲ್ಲ. ಜುಲೈಯಲ್ಲಿ ಬಂದ ಉತ್ತರ ಎರಡು ಸಾಲು: ವರದಿ ಕಲಂ 8(1)(ಎ) ಅಡಿ ಕೊಡಲಾಗದು. ಅದು ದೇಶದ ಭದ್ರತೆಗೆ ಸಂಬಂಧಿಸಿದ ಕಲಂ.

ನಾನು ಕೇಳಿದ ರೀತಿಯೇ ಸರಿ ಇರಲಿಲ್ಲ. "ವರದಿಯ ಪೂರ್ತಿ ಪ್ರತಿ ಕೊಡಿ" ಎಂದಿದ್ದೆ. ಅದರಲ್ಲಿ ರೇಡಾರ್ ವಿವರ ಇದ್ದರೆ ಅವರು ಹೇಗೆ ಕೊಡುತ್ತಾರೆ? 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು, ಅದಕ್ಕೆ ಶುಲ್ಕವಿಲ್ಲ. ಆಗಸ್ಟ್ 1ಕ್ಕೆ ಹಾಕಿದೆ. ಈ ಸಲ ಮೂರೇ ಪ್ರಶ್ನೆ: ಪರಿಶೀಲನೆ ಮುಗಿದಿದೆಯೇ? ವಿಮಾನ ಸಂಚಾರಕ್ಕೆ ಅಪಾಯವಾಗುವಂಥದ್ದು ಕಂಡುಬಂದಿದೆಯೇ? ಕಡತ ಮುಚ್ಚಲಾಗಿದೆಯೇ?

ಕಾಯುವ ಆ ದಿನಗಳಲ್ಲಿ ಬೇರೆ ದೇಶದ ಕಡತಗಳ ಬಗ್ಗೆ ಓದಿದೆ. ಅಮೆರಿಕದ ವಾಯುಪಡೆ 1952ರಿಂದ 1969ರವರೆಗೆ ಬ್ಲೂ ಬುಕ್ ಎಂಬ ಯೋಜನೆಯಡಿ ಇಂಥದ್ದೇ ತನಿಖೆ ಮಾಡಿತ್ತು. ಒಟ್ಟು 12,618 ವರದಿಗಳಲ್ಲಿ 701 ಮಾತ್ರ ಕೊನೆಗೂ ಗುರುತಿಸಲಾಗದೆ ಉಳಿದವು. ನಮ್ಮಲ್ಲಿ 2023ರ ನವೆಂಬರ್ 19ರಂದು ಇಂಫಾಲ್ ವಿಮಾನ ನಿಲ್ದಾಣದ ಬಳಿ ಏನೋ ಕಂಡು ವಿಮಾನಗಳನ್ನೇ ನಿಲ್ಲಿಸಿದ್ದರು. ಹುಡುಕಲು ಹೋದ ರಫೇಲ್ ವಿಮಾನಗಳಿಗೆ ಏನೂ ಸಿಗಲಿಲ್ಲ. ಗೊತ್ತಾಗದೆ ಉಳಿಯುವುದು ನನ್ನೊಬ್ಬನ ಪಾಡಲ್ಲ ಎಂದು ತಿಳಿದು ಸ್ವಲ್ಪ ಹಗುರವಾಯಿತು.

ಖರ್ಚು ಕೇಳುವವರಿಗೆ: ಮಡಿಕೇರಿ ಓಡಾಟದ ಪೆಟ್ರೋಲು, ವಕೀಲರು, ಪೆನ್‌ಡ್ರೈವು, ಜೆರಾಕ್ಸು, ಅಂಚೆ ಸೇರಿ 4,000 ರೂಪಾಯಿಯ ಹತ್ತಿರ ಆಯಿತು. ವಕೀಲರ ಹಣ ಉಳಿಸಬಹುದಿತ್ತು. ಕೊಯ್ಲಿನ ದಿನಗಳು ಹೋದದ್ದು ಲೆಕ್ಕಕ್ಕೆ ಸೇರಿಸಿಲ್ಲ.

ಕೊನೆಯ ಪತ್ರದಲ್ಲಿ ಮೂರು ಪ್ರಶ್ನೆಗೂ ಉತ್ತರವಿದೆ. ಮುಗಿದಿದೆ. ಅಪಾಯಕಾರಿಯಾದದ್ದು ಕಂಡುಬಂದಿಲ್ಲ. ಮುಚ್ಚಲಾಗಿದೆ. ನಾಲ್ಕನೆಯ ಬೆಳಕು ಏನೆಂದು ಅದರಲ್ಲಿಲ್ಲ. ಎತ್ತರಕ್ಕೆ ಹೋದಂತೆ ಗಾಳಿಯ ದಿಕ್ಕು ಬದಲಾಗುತ್ತದೆ ಎಂದು ಅಧಿಕಾರಿ ಅವತ್ತು ಹೇಳಿದ್ದರು. ಹಾಗಾಗಿ ಅದೂ ಬೇರೆ ದಿಕ್ಕಿಗೆ ತೇಲಿದ ಕಾಗದದ ದೀಪವೇ ಇರಬಹುದು. ವಿಮಾನವೊಂದು ಇಳಿಯುವಾಗಿನ ದೀಪವೂ ಇರಬಹುದು. ಬಿಟ್ಟದ್ದು ಮೂರೇ ದೀಪ ಎಂಬ ಮಾತೂ ಇದೆ. ಎರಡನೇ ಮೇಲ್ಮನವಿಗೆ 90 ದಿನ ಸಮಯವಿದೆ. ನಾನು ಹಾಕುವುದಿಲ್ಲ.

ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. "ಹನ್ನೆರಡು ಸೆಕೆಂಡು ಅಂತ ಬರೆದಿದ್ದಾರಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದರೆ ನೀನು ಬರಿ" ಎಂದರು. ನೋಟ್‌ಬುಕ್ಕಿನ ಎರಡನೇ ಪುಟದಲ್ಲಿ "ಅರ್ಧ ನಿಮಿಷ" ಎಂಬುದನ್ನು ಹೊಡೆದು ಹಾಕಿ, ಪಕ್ಕದಲ್ಲಿ 12 ಸೆಕೆಂಡು ಎಂದು ಬರೆದು, ತಾರೀಕು ಹಾಕಿದ್ದೇನೆ.